ತುಕ್ಕು ಬಿಡಿಸಲು ಸೈಕಲ್ ಚೈನನ್ನು ಆ್ಯಸಿಡ್‌ನಲ್ಲಿ ನೆನೆಹಾಕಬೇಡಿ

ಮಳೆಯಲ್ಲಿ ನೆನೆದು ತುಕ್ಕು ಹಿಡಿದ ಚೈನನ್ನು ಬಚ್ಚಲು ತೊಳೆಯುವ ಆ್ಯಸಿಡ್‌ನಲ್ಲೋ ಅಂಗಡಿಯಲ್ಲಿ ಸಿಗುವ ತುಕ್ಕುನಿವಾರಕದಲ್ಲೋ ಮುಳುಗಿಸಿಡುವ ಯೋಚನೆ ನಿಮಗಿದ್ದರೆ, ದಯವಿಟ್ಟು ಮೊದಲು ಇದನ್ನು ಓದಿ. ಕಳೆದ ಮಳೆಗಾಲದಲ್ಲಿ ನಾನು ಹಾಗೆ ಮಾಡಿದೆ. ಹದಿಮೂರನೆಯ ದಿನ ರಾಜಹಂಸಗಡ ಕೋಟೆಯ ಏರಿನಲ್ಲಿ ಚೈನು ತುಂಡಾಗಿ ಬಿದ್ದು, ಬಲ ಮೊಣಕಾಲಿಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡೆ.

ನಾನಿರುವುದು ಬೆಳಗಾವಿಯ ವಡಗಾವಿಯಲ್ಲಿ. ವಾರಕ್ಕೆ ಮೂರು ದಿನ ಬೆಳಿಗ್ಗೆ ಯಳ್ಳೂರು ರಸ್ತೆ ಹಿಡಿದು, ಭತ್ತದ ಗದ್ದೆಗಳ ನಡುವಿನ ಮಣ್ಣುದಾರಿಗಳಲ್ಲಿ ಸುತ್ತಿ, ಸಮಯವಿದ್ದರೆ ಗಡ ಹತ್ತಿ ಬರುವುದು ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೈಕಲ್ ಒಣಗುವುದೇ ಅಪರೂಪ. ಕೆಂಪು ಕೆಸರು ಚೈನಿನ ಎಣ್ಣೆಯನ್ನೆಲ್ಲ ಹೀರಿಕೊಂಡುಬಿಡುತ್ತದೆ. ಆಗಸ್ಟ್‌ನಲ್ಲಿ ಒಂದು ದಿನ ನೆನೆದು ಬಂದವನು ಸೈಕಲನ್ನು ಹಾಗೆಯೇ ಪಡಸಾಲೆಗೆ ಒರಗಿಸಿ, ತಂಗಿಯ ಮನೆಯ ಕಾರ್ಯಕ್ಕೆಂದು ಬಾಗಲಕೋಟೆಗೆ ಹೋದೆ. ಹತ್ತು ದಿನ ಬಿಟ್ಟು ಮರಳಿದಾಗ ಚೈನು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಹತ್ತು ಗೇರಿನ ಹೊಸ ಚೈನಿಗೆ ಅಂಗಡಿಯವರು ಸಾವಿರದ ಇನ್ನೂರು ರೂಪಾಯಿ ಹೇಳಿದರು. ಆ ಹಣ ಉಳಿಸಲು ಹೊರಟದ್ದೇ ಇಷ್ಟಕ್ಕೆಲ್ಲ ಮೂಲ. ಅವ್ವ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುವುದನ್ನು ನೋಡುತ್ತ ಬೆಳೆದವನಿಗೆ, ಹುಳಿಯಿಂದ ಲೋಹ ಬೆಳಗುತ್ತದೆ ಎಂಬುದರಲ್ಲಿ ಅನುಮಾನ ಹುಟ್ಟುವುದಾದರೂ ಹೇಗೆ? ಚೈನನ್ನು ಬಿಚ್ಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಬೆರೆಸಿದ ಬಚ್ಚಲ ಆ್ಯಸಿಡ್ ಸುರಿದು, ರಾತ್ರಿಯಿಡೀ ಮುಳುಗಿಸಿಟ್ಟೆ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದುದನ್ನು ಕಂಡು, ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದೇ ತಿಳಿದೆ. ಬೆಳಿಗ್ಗೆ ತುಕ್ಕಿನ ಸುಳಿವೂ ಇರಲಿಲ್ಲ. ಸೋಡಾಪುಡಿಯ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಎಣ್ಣೆ ಬಿಟ್ಟು ಮತ್ತೆ ಜೋಡಿಸಿದೆ. ಸವೆತವನ್ನೂ ಅಳೆದೆ: ಉಕ್ಕಿನ ಸ್ಕೇಲ್ ಹಿಡಿದರೆ ಒಂದು ಪಿನ್ನಿನಿಂದ ಅದರ ಮುಂದಿನ ಇಪ್ಪತ್ತನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು, ಹದಿನಾರನೆಯ ಒಂದು ಇಂಚಿನಷ್ಟು ಹೆಚ್ಚಾಗಿದ್ದರೆ ಚೈನು ಬದಲಿಸುವ ಕಾಲ ಬಂದಿತೆಂದೇ ಅರ್ಥ. ನನ್ನದು ಆ ಮಿತಿಯೊಳಗೇ ಇತ್ತು. ಈ ಅಳತೆ ಪಿನ್ನು ಸವೆದದ್ದನ್ನು ಹೇಳುತ್ತದೆಯೇ ಹೊರತು ಪಿನ್ನುಗಳನ್ನು ಜೋಡಿಸುವ ಪಟ್ಟಿ ಸೀಳಿದ್ದನ್ನು ಹೇಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹನ್ನೆರಡು ದಿನ ಏನೂ ಆಗಲಿಲ್ಲ. ಗೇರುಗಳು ಮೊದಲಿಗಿಂತ ನಯವಾಗಿ ಬೀಳುತ್ತಿದ್ದವು. ಆ ಭಾನುವಾರ ಗಡದ ಕಡಿದಾದ ತಿರುವಿನಲ್ಲಿ ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಬಲ ಪೆಡಲ್ ಮೇಲೆ ಹಾಕಿದಾಗ, ಒಣಕಡ್ಡಿ ಮುರಿದಂಥ ಸದ್ದಾಯಿತು. ಕಾಲು ಬರಿ ಗಾಳಿ ತುಳಿದಂತೆ ಕೆಳಗಿಳಿಯಿತು. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಸೈಕಲ್ ಸಮೇತ ಪಕ್ಕಕ್ಕೆ ಉರುಳಿದೆ. ನಡೆಯುವ ವೇಗದಲ್ಲಿದ್ದೆ, ಹಿಂದೆ ಯಾವ ವಾಹನವೂ ಇರಲಿಲ್ಲ. ಇದೇ ಚೈನು ಪೇಟೆಯ ಸಿಗ್ನಲ್ಲಿನಲ್ಲಿ, ಬಸ್ಸಿನ ಮುಂದೆ, ಎದ್ದು ನಿಂತು ತುಳಿಯುವಾಗ ಕಡಿದಿದ್ದರೆ ಎಂದು ಈಗಲೂ ಎಣಿಸುತ್ತೇನೆ.

ಜೋಡಿಸುವಾಗ ಕ್ವಿಕ್ ಲಿಂಕ್, ಅಂದರೆ ಚೈನಿನ ಎರಡು ತುದಿಗಳನ್ನು ಕೂಡಿಸುವ ಬಿಚ್ಚುಕೊಂಡಿ, ಸರಿಯಾಗಿ ಕೂತಿರಲಿಕ್ಕಿಲ್ಲ ಎಂಬುದು ನನ್ನ ಮೊದಲ ಊಹೆ. ನೋಡಿದರೆ ಅದು ಗಟ್ಟಿಯಾಗಿಯೇ ಇತ್ತು. ಕಡಿದದ್ದು ಅಲ್ಲಿಂದ ಬಲು ದೂರದ ಒಂದು ಹೊರಪಟ್ಟಿ, ಅದೂ ಪಿನ್ನಿನ ತೂತಿನ ಅಂಚಿನಲ್ಲಿ. ಎಳೆದಾಗ ಉಕ್ಕು ಬಾಗಿ ಹಿಗ್ಗಿ ಹರಿಯಬೇಕು, ಇದೋ ಪಿಂಗಾಣಿಯಂತೆ ನೇರವಾಗಿ ಸಿಡಿದಿತ್ತು. ಉದ್ಯಮಬಾಗದಲ್ಲಿ ಬೋಲ್ಟುಗಳಿಗೆ ಸತುವಿನ ಲೇಪ ಕೊಡುವ ಘಟಕದಲ್ಲಿ ದುಡಿಯುವ ಹಿರಿಯರೊಬ್ಬರಿಗೆ ತುಂಡನ್ನು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಮಾತೇ, “ಆ್ಯಸಿಡ್‌ನ್ಯಾಗ ಎಷ್ಟ್ ಹೊತ್ತ ಇಟ್ಟಿದ್ರಿ?”

ಅವರು ವಿವರಿಸಿದ್ದು ಇದು. ಆ್ಯಸಿಡ್ ಉಕ್ಕನ್ನು ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತದೆ. ನಾನು ಕಂಡ ಗುಳ್ಳೆಗಳು ಅವೇ. ಹೆಚ್ಚಿನದು ಗಾಳಿಗೆ ಹೋದರೂ ಸ್ವಲ್ಪ ಪಾಲು ಪರಮಾಣುಗಳಾಗಿ ಉಕ್ಕಿನ ಒಳಕ್ಕೆ ನುಸುಳುತ್ತದೆ. ಮೆದು ಕಬ್ಬಿಣಕ್ಕೆ ಅದರಿಂದ ಅಷ್ಟೇನೂ ಬಾಧೆಯಿಲ್ಲ. ಚೈನಿನ ಪಟ್ಟಿ ಮತ್ತು ಪಿನ್ನುಗಳಂತೆ ಕಾಯಿಸಿ ಗಟ್ಟಿಗೊಳಿಸಿದ ಉಕ್ಕಾದರೆ ಎಳೆತ ಬೀಳುವ ಕಡೆಗಳಲ್ಲಿ ಕೂದಲೆಳೆಯಂಥ ಸೀಳುಗಳು ಹುಟ್ಟಿ, ದಿನಗಳು ಕಳೆದಂತೆ ಬೆಳೆಯುತ್ತವೆ. ಹೀಗಾಗಿಯೇ ಅವರ ಘಟಕದಲ್ಲಿ ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಆ್ಯಸಿಡ್‌ನಲ್ಲಿ ತೊಳೆದು ಲೇಪ ಕೊಟ್ಟ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿ ಶಾಖದ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟು ಹೈಡ್ರೋಜನ್ ಹೊರಗಟ್ಟುತ್ತಾರೆ. ನನ್ನ ಚೈನನ್ನೂ ಅದೇ ಒಲೆಗೆ ಹಾಕಬಹುದೇ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. ಒಮ್ಮೆ ಬಿಟ್ಟ ಸೀಳನ್ನು ಯಾವ ಶಾಖವೂ ಕೂಡಿಸುವುದಿಲ್ಲವಂತೆ. ಮನೆಗೆ ಬಂದು ಭೂತಗನ್ನಡಿ ಹಿಡಿದು ನೋಡಿದರೆ, ಉಳಿದ ಹೊರಪಟ್ಟಿಗಳ ಪೈಕಿ ಇನ್ನೂ ಏಳರಲ್ಲಿ ತೂತಿನ ಸುತ್ತ ಸೀಳು ಕಾಣಿಸಿತು.

ಶಿಮಾನೊ ಕಂಪನಿಯ ಕೈಪಿಡಿ ತೆರೆದರೆ ಇದೇ ಎಚ್ಚರಿಕೆ ಅಲ್ಲಿ ಸ್ಪಷ್ಟವಾಗಿದೆ: ತುಕ್ಕು ತೆಗೆಯುವ ಆಮ್ಲೀಯ ಅಥವಾ ಕ್ಷಾರೀಯ ದ್ರಾವಣಗಳನ್ನು ಚೈನಿಗೆ ಬಳಸಬಾರದು, ಬಳಸಿದರೆ ಚೈನು ತುಂಡಾಗಿ ಗಂಭೀರ ಗಾಯವಾಗಬಹುದು. ಆ ಕಾಗದ ನನ್ನ ಸೈಕಲ್ಲಿನೊಡನೆಯೇ ಬಂದು ಕಪಾಟಿನಲ್ಲಿ ಬಿದ್ದಿತ್ತು. ವಿನೆಗರ್, ನಿಂಬೆಹುಳಿ ಕೂಡ ಆಮ್ಲಗಳೇ. ಅಡುಗೆಮನೆಯ ಪದಾರ್ಥವೆಂಬ ಧೈರ್ಯ ಬೇಡ.

ಈಗ ನಾನು ಮಾಡುವುದು ಇಷ್ಟೇ. ಕೆಸರಿನ ದಿನ ಮನೆಗೆ ಬಂದೊಡನೆ ಚೈನಿಗೆ ನೀರು ಹಾಕಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತೇನೆ. ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಮೆದು ಸೋಪು ಅಥವಾ ಸ್ವಲ್ಪ ಚಿಮಣಿ ಎಣ್ಣೆಯಲ್ಲಿ ಬ್ರಷ್ ಆಡಿಸಿ, ಪೂರಾ ಒಣಗುವವರೆಗೆ ಕಾಯುತ್ತೇನೆ. ಹಸಿಯಿರುವಾಗಲೇ ಎಣ್ಣೆ ಬಿಟ್ಟರೆ ಅದು ಒಳಗೆ ನಿಲ್ಲುವುದಿಲ್ಲ. ಅನಂತರ ಪ್ರತಿ ರೋಲರಿಗೂ ಒಂದೇ ಹನಿ ಚೈನ್ ಎಣ್ಣೆ, ಸ್ವಲ್ಪ ಹೊತ್ತು ಪೆಡಲ್ ಹಿಂದಕ್ಕೆ ತಿರುಗಿಸುವುದು, ಬಳಿಕ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡುವುದು. ಕೆಲಸ ಮಾಡುವ ಎಣ್ಣೆ ರೋಲರಿನ ಒಳಗಿರುತ್ತದೆ, ಹೊರಗಿನದು ಮಣ್ಣನ್ನಷ್ಟೇ ಕರೆಯುತ್ತದೆ. ಮೇಲ್ಮೈಯ ತುಕ್ಕು ಎಣ್ಣೆಬಟ್ಟೆಗೇ ಹೋಗುತ್ತದೆ. ಒರೆಸಿ ಎಣ್ಣೆ ಬಿಟ್ಟ ಮೇಲೂ ಕೊಂಡಿಗಳು ಬಿಗಿದುಕೊಂಡಿದ್ದರೆ ಹೊಸ ಚೈನು ತರುವುದೇ ಸರಿ.

ಈಗಾಗಲೇ ಆ್ಯಸಿಡ್‌ನಲ್ಲಿ ನೆನೆಸಿದ ಚೈನು ನಿಮ್ಮ ಸೈಕಲ್ಲಿನಲ್ಲಿದ್ದರೆ, ಅದು ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಇಂದೇ ಬಿಚ್ಚಿ. ನನ್ನದನ್ನು ಗುಜರಿಗೆ ಕೊಡುವ ಮುನ್ನ ಐದಾರು ಕಡೆ ತುಂಡರಿಸಿದೆ. ತುಕ್ಕಿಲ್ಲದೆ ಅಷ್ಟು ಚೊಕ್ಕಟವಾಗಿ ಕಾಣುತ್ತಿದ್ದುದನ್ನು ಇಡಿಯಾಗಿ ಕೊಟ್ಟಿದ್ದರೆ, ಯಾರೋ ಅದನ್ನು ಶಾಲೆಗೆ ಹೋಗುವ ಹುಡುಗನ ಸೈಕಲ್ಲಿಗೆ ಹಾಕಿಕೊಡುತ್ತಿದ್ದರು.