ಮೊಮ್ಮಗುವಿನ ತೊಟ್ಟಿಲಿಗೆ ಯಾವ ಪಾಲಿಶ್? ಚಪಡಾ, ಮೆಲಮೈನ್, ಪಿಯು, ಎಣ್ಣೆ

ಮರ ತೇಗವೋ ಹಲಸೋ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಪಾಲಿಶ್ ವಿಷಯಕ್ಕೆ ಬಂದಾಗ ಮಾತ್ರ ‘ಪಾಲಿಶ್‌ನವರು ಏನು ಹಾಕುತ್ತಾರೋ ಹಾಕಲಿ’ ಎಂದು ಬಿಟ್ಟುಬಿಡುತ್ತಾರೆ. ಹಲ್ಲು ಮೂಡುವ ಹೊತ್ತಿಗೆ ಮಗುವಿನ ಬಾಯಿಗೆ ಮೊದಲು ಸಿಗುವುದು ಆ ಪಾಲಿಶ್ಶೇ. ತೊಟ್ಟಿಲು, ಕಟಕಟೆ ಇರುವ ಕಾಟು, ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆ, ಹೀಗೆ ಬೇರೆ ಬೇರೆ ಸಾಮಾನಿನ ಮೇಲೆ ನಾಲ್ಕನ್ನೂ ಹಾಕಿ ನೋಡಿದ ಮೇಲೆ ನನ್ನ ಓಟು ಚಪಡಾಕ್ಕೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಹಳೇ ಪಾಲಿಶ್ ಅದು. ಕಲಘಟಗಿಯ ತೊಟ್ಟಿಲಿಗೂ ಚನ್ನಪಟ್ಟಣದ ಗೊಂಬೆಗೂ ಬಣ್ಣ ಕೂರುವುದು ಇದೇ ಅರಗಿನಿಂದ. ಔಷಧದ ಮಾತ್ರೆ, ಮಿಠಾಯಿಗಳ ಹೊರಗಿನ ಹೊಳಪಿಗೂ ಇದನ್ನೇ ಬಳಸುತ್ತಾರೆ. ಸ್ಪಿರಿಟ್ ಹಾರಿಹೋದ ಮೇಲೆ ಮರದ ಮೇಲೆ ಉಳಿಯುವುದು ಅರಗು ಮಾತ್ರ.

ಅಳತೆ ಹೀಗೆ: ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಚಪಡಾ, ಮೊದಲ ಕೈಗೆ (ಅಂದರೆ ಮೊದಲ ಪದರಕ್ಕೆ) ಮಾತ್ರ 100 ಗ್ರಾಂ. ರಾತ್ರಿಯಿಡೀ ನೆನೆಸಿ, ಆಗಾಗ ಕುಲುಕಿ, ಬೆಳಿಗ್ಗೆ ಹಳೇ ಪಂಚೆ ತುಂಡಿನಲ್ಲಿ ಸೋಸಬೇಕು. ಗಾಜಿನ ಬಾಟಲಿಯೇ ಆಗಬೇಕು. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ನಾಲ್ಕಡಿ-ಎರಡಡಿ ಕಾಟಿನ ಎಲ್ಲ ಮುಖ ಲೆಕ್ಕ ಹಾಕಿದರೆ ಸುಮಾರು 50 ಚದರ ಅಡಿ. ಐದು ಕೈ ಹಚ್ಚಲು ಅರ್ಧ ಕಿಲೋ ಚಪಡಾ, ಎರಡೂವರೆ ಲೀಟರ್ ಸ್ಪಿರಿಟ್ ಸಾಕು. ಮೊದಲ ಕೈ ಒಣಗಿದ ಮೇಲೆ 320ರ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಉಂಡೆಯಿಂದ ಎಳೆಯುತ್ತ ಹೋಗಿ. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಒಂದು ಗಂಟೆ ಬಿಟ್ಟರಾಯಿತು. ಸ್ಪಿರಿಟ್‌ನಲ್ಲಿ ವಿಷದ ಮೆಥನಾಲ್ ಬೆರೆತಿರುತ್ತದೆ. ಹಾಗಾಗಿ ಕೈಗವಸು ಹಾಕಿ, ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ.

ಕಲಸಿಟ್ಟ ಚಪಡಾ ಆರು ತಿಂಗಳು ದಾಟಿದರೆ ನಂಬಬೇಡಿ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಉಗುರಿನಿಂದ ಒತ್ತಿ ನೋಡಿ, ಅಂಟಂಟಾಗಿದ್ದರೆ ಚೆಲ್ಲಿ.

ಈಗ ಅದರ ಕಾಟ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಜನ ಚಪಡಾ ಬಿಟ್ಟು ಮೆಲಮೈನ್‌ಗೆ ಓಡುವುದೇ ಇದಕ್ಕೆ. ಮಳೆಗಾಲದಲ್ಲಿ ಹಚ್ಚಿದರೆ ಬೆಳ್ಳಗಾಗುತ್ತದೆ. ಹಚ್ಚುವಾಗ ಗಾಜಿನಂತೆ ಕಾಣುವ ಮೈ ಹತ್ತು ನಿಮಿಷದಲ್ಲಿ ಮಂಜು ಕವಿದಂತೆ ಮಸುಕಾಗುತ್ತದೆ. ಮರ ಕೆಟ್ಟಿತು, ಚಪಡಾ ಕಲಬೆರಕೆ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ನೀರಾಗಿ ಕೂರುತ್ತದೆ, ಆ ನೀರು ಅರಗಿನೊಳಗೆ ಸಿಕ್ಕಿಕೊಂಡರೆ ಬಿಳುಪು. ಶಿವಮೊಗ್ಗ, ಮಂಗಳೂರು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಇದ್ದದ್ದೇ. ಬಳ್ಳಾರಿ, ರಾಯಚೂರಿನಲ್ಲಿ ಇಂಥದ್ದೊಂದು ತೊಂದರೆ ಇದೆಯೆಂದೇ ಅನೇಕರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಕಾರಣ ಸ್ಪಿರಿಟ್ ಡಬ್ಬಿಯೇ. ಮುಚ್ಚಳ ಸಡಿಲವಿದ್ದರೆ ಸ್ಪಿರಿಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಕೂರುತ್ತದೆ. ಹೋದ ವರ್ಷದ ಅರ್ಧ ಡಬ್ಬಿ ಉಳಿದಿದೆಯಲ್ಲ ಎಂದು ಅದರಲ್ಲೇ ಕಲಸಿದರೆ ಬೇಸಿಗೆಯಲ್ಲೂ ಬಿಳುಪು ತಪ್ಪಿದ್ದಲ್ಲ. ಹೊಸ ಡಬ್ಬಿ ಒಡೆದೇ ಕಲಸಿ.

ತಪ್ಪಿಸುವ ದಾರಿ: ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಮಾತ್ರ ಹಚ್ಚುವುದು. ಅದಕ್ಕೆ ಮೊದಲು ಬಿಡಿಭಾಗಗಳನ್ನು ಅರ್ಧ ಗಂಟೆ ಬಿಸಿಲಿಗಿಟ್ಟು, ಕೈಗೆ ಬೆಚ್ಚಗೆ ತಾಗಿದ ಮೇಲೆ ನೆರಳಿಗೆ ತರುವುದು. ಕೈ ದಪ್ಪ ಮಾಡಬಾರದು, ಫ್ಯಾನ್ ನೇರ ಮೈಮೇಲೆ ಬೀಸಬಾರದು (ಬೇಗ ಆರಲಿ ಎಂದು ಫ್ಯಾನ್ ಹಾಕಿದಷ್ಟೂ ಮೈ ತಣ್ಣಗಾಗಿ ಬಿಳುಪು ಹೆಚ್ಚುತ್ತದೆ). ಆಗಲೇ ಬಿಳುಪಾಗಿದ್ದರೆ ಕೆರೆಯಬೇಡಿ. ಒಣಹವೆಯ ದಿನ ನೋಡಿ, ಉಂಡೆಗೆ ಹೊಸ ಸ್ಪಿರಿಟ್ ನಾಲ್ಕೇ ಹನಿ ಹಾಕಿ, ಹಿಂಡಿ, ಒಂದೇ ಎಳೆತದಲ್ಲಿ ಸವರಿ. ಅರಗು ಮತ್ತೆ ಕರಗಿ ತೇವ ಹೊರಬರುತ್ತದೆ, ಬಿಳುಪು ಕಣ್ಣೆದುರೇ ಮಾಯವಾಗುತ್ತದೆ. ಉಂಡೆಯನ್ನು ಒಂದೇ ಕಡೆ ನಿಲ್ಲಿಸಿದರೆ ಮಾತ್ರ ಅಂಟಿಕೊಂಡು ಗೀರು ಬೀಳುತ್ತದೆ.

ಬಾಣಂತಿ ಮನೆಯಲ್ಲಿ ಇನ್ನೊಂದು ಎಚ್ಚರ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಕಟಕಟೆ ಹಿಡಿದರೆ ಅರಗು ಅಂಟುತ್ತದೆ, ಏಕೆಂದರೆ ಅದೂ ಸ್ಪಿರಿಟ್ಟೇ. ಸೋಪು, ಸೋಡಾ, ಬಟ್ಟೆಯಲ್ಲಿ ಹಾಗೇ ಉಳಿದು ಅಮೋನಿಯ ವಾಸನೆ ಬಂದ ಉಚ್ಚೆ, ಮೂರೂ ಕ್ಷಾರ, ಅರಗನ್ನು ಮೆತ್ತಗೆ ಮಾಡುತ್ತವೆ. ಒರೆಸಲು ಬರೀ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಸಮಾಧಾನವೆಂದರೆ, ಎಲ್ಲಿ ಹಾಳಾದರೂ ಅಲ್ಲೇ ಒಂದು ಕೈ ಹಚ್ಚಿದರೆ ಹಳೆಯದರೊಳಗೆ ಬೆರೆತುಹೋಗುತ್ತದೆ. ಉಳಿದ ಮೂರರಲ್ಲಿ ಎಣ್ಣೆ ಬಿಟ್ಟರೆ ಯಾವುದಕ್ಕೂ ಈ ಗುಣವಿಲ್ಲ.

ಮೆಲಮೈನ್ ನಮ್ಮೂರುಗಳ ಪಾಲಿಶ್‌ನವರ ಅಚ್ಚುಮೆಚ್ಚು. ಮರದ ರಂಧ್ರ ತುಂಬುವ ಸೀಲರ್ ಹಾಕಿ, ಉಜ್ಜಿ, ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಮೆಲಮೈನ್ ಎರಡು ಕೈ ಎಳೆದರೆ ಸಂಜೆಗೆ ಕೆಲಸ ಮುಗಿಯಿತು. ನೀರಿಗೆ ಜಗ್ಗುವುದಿಲ್ಲ, ಖರ್ಚೂ ಕಡಿಮೆ. ಸಭಾಂಗಣದ ಬಾಗಿಲಿಗೆ ಹಾಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಇದು ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಎಂಬ ಘಾಟು ಅನಿಲ ಹೊರಬಿಡುತ್ತದೆ, ಕೈಗೆ ಒಣಗಿದಂತೆ ಕಂಡ ಮೇಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಈ ಅನಿಲವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತೆರೆದ ಕಾಟಿನಲ್ಲಿ ಗಾಳಿಯಾಡಿ ಹೋಗಬಹುದು. ಮುಚ್ಚಿದ ಡ್ರಾಯರ್ ಒಳಗೆ ಹೋಗಲು ದಾರಿಯೇ ಇಲ್ಲ. ಒಳಗಿಟ್ಟ ಲಂಗೋಟಿ, ಟೋಪಿ, ದುಪಟಿ ಎಲ್ಲಕ್ಕೂ ಅದೇ ಘಾಟು. ಡ್ರಾಯರ್ ಒಳಮೈಗೆ ಮೆಲಮೈನ್ ಬೇಡ, ಎಣ್ಣೆಯೂ ಬೇಡ. ಬರೀ ಮರ ಬಿಡಿ, ಇಲ್ಲವೇ ಚಪಡಾ ಎರಡು ಕೈ.

ಪಿಯು, ಅಂದರೆ ಪಾಲಿಯುರೆಥೇನ್, ನಿಜಕ್ಕೂ ಗಟ್ಟಿ. ಎರಡು ಡಬ್ಬಿ ಬೆರೆಸುವ ಬಗೆಯಲ್ಲಿ ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಐಸೊಸಯನೇಟ್ ಇರುತ್ತದೆ, ಸ್ಪ್ರೇ ಗನ್ನಿನಲ್ಲಿ ಹೊಡೆಯುವಾಗ ಬಟ್ಟೆಯ ಮಾಸ್ಕ್ ಯಾವ ಕೆಲಸಕ್ಕೂ ಬಾರದು. ಪೂರ್ತಿ ಗಟ್ಟಿಯಾದ ಮೇಲೆ ನಿರಪಾಯ, ಆದರೆ ಮೂರು-ನಾಲ್ಕು ವಾರ ಬಿಡಬೇಕು. ಕಟಕಟೆಯ ಕಂಬಿಗಳಿಗೆ ಗನ್ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಮಾಲು ಸಂದಿಗಳಲ್ಲಿ ಗಾಳಿಗೆ ಹೋಗುತ್ತದೆ. ಬೆರೆಸಿ ಉಳಿದದ್ದು ಡಬ್ಬಿಯಲ್ಲೇ ಕಲ್ಲು. ನೀರು ಬೆರೆಸುವ ಪಿಯು ಇದಕ್ಕಿಂತ ವಾಸಿ, ಬ್ರಷ್‌ನಲ್ಲೂ ಹಚ್ಚಬಹುದು. ನೀರಿಗೆ ಮರದ ನಾರು ಎದ್ದು ನಿಲ್ಲುವುದರಿಂದ ಮೊದಲ ಕೈಯ ನಂತರ ಉಜ್ಜಲೇಬೇಕು.

ಅಗಸೆ ಎಣ್ಣೆ ನಮ್ಮ ಹವೆಗೆ ಒಗ್ಗುವುದಿಲ್ಲ. ಹಸಿ ಎಣ್ಣೆಯ ಒಂದು ಕೈ ಒಣಗಲು ವಾರ ಬೇಕು, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಅಂಗಡಿಯ ‘ಬಾಯ್ಲ್ಡ್’ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಅಜ್ಜಿ ಹೇಳುವ ಕೊಬ್ಬರಿ ಎಣ್ಣೆ ಎಂದಿಗೂ ಒಣಗುವುದಿಲ್ಲ, ಕಮಟು ಹಿಡಿಯುತ್ತದೆ.

ಯಾವುದೇ ಪಾಲಿಶ್ ಆಗಲಿ, ಕಂಬಿಗಳಿಗೆ ಜೋಡಣೆಗೆ ಮೊದಲೇ ಹಚ್ಚಿ. ನಾಲ್ಕಡಿ ಉದ್ದದ ಬದಿಗೆ 30 ಮಿ.ಮೀ. ಅಗಲದ 13 ಕಂಬಿ ಕೂರಿಸಿದರೆ ಸಂದಿ 60 ಮಿ.ಮೀ. ಒಳಗೇ ಇರುತ್ತದೆ, ಅದಕ್ಕಿಂತ ಹೆಚ್ಚಾದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಭಯ. ಎರಡೂ ಬದಿ ಸೇರಿ 26 ಕಂಬಿ, ಪ್ರತಿಯೊಂದಕ್ಕೂ ನಾಲ್ಕು ಮುಖ. ಜೋಡಿಸಿದ ಮೇಲೆ ಹಚ್ಚಿದರೆ ಒಳಮುಖಗಳಲ್ಲಿ ಹನಿ ಇಳಿದು ಗಡ್ಡ ಬಿಡುತ್ತದೆ. ತೂತಿಗೆ ಇಳಿಯುವ ತುದಿಗೆ ಮಾತ್ರ ಟೇಪ್ ಸುತ್ತಿಡಿ, ಪಾಲಿಶ್ ತಾಗಿದ ಕಡೆ ಅಂಟು ಹಿಡಿಯುವುದಿಲ್ಲ. ಕಡೆದ ದುಂಡು ಕಂಬಿಯಾದರೆ ಸ್ಪಿರಿಟ್ಟೂ ಬೇಡ: ಲೇತ್ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಕೂರುತ್ತದೆ, ಚನ್ನಪಟ್ಟಣದವರು ಮಾಡುವುದು ಹೀಗೆಯೇ.

ಕಂಪ್ರೆಸರ್ ಇಲ್ಲ, ಪಾಲಿಶ್‌ನವರನ್ನು ಕರೆಯುವ ಮನಸ್ಸಿಲ್ಲ, ಜಗಲಿಯಲ್ಲಿ ಕೂತು ನಿಧಾನಕ್ಕೆ ಕೆಲಸ ಮಾಡುವ ಅಭ್ಯಾಸ. ಈ ಲೆಕ್ಕದಲ್ಲಿ ಕಟಕಟೆ, ತೊಟ್ಟಿಲು, ಡ್ರಾಯರ್ ಎಲ್ಲಕ್ಕೂ ಚಪಡಾ. ಹಾಸಿಗೆ ಕೆಳಗಿನ ಪಟ್ಟಿಗಳಿಗೆ, ಬಟ್ಟೆ ಬದಲಿಸುವ ಮೇಜಿನ ಮೇಲ್ಮೈಗೆ ಮಾತ್ರ ನೀರಿನ ಪಿಯು ಎರಡು ಕೈ, ಏಕೆಂದರೆ ಉಚ್ಚೆ ನಿಲ್ಲುವುದು ಅಲ್ಲೇ. ಅದರಡಿಗೆ ಚಪಡಾ ಹಾಕುವುದಿದ್ದರೆ, ಬಾಟಲಿಯನ್ನು ಅಲ್ಲಾಡಿಸದೆ ಕೆಲವು ದಿನ ಇಟ್ಟು, ತಳದಲ್ಲಿ ಕೂತ ಬೆಳ್ಳನೆಯ ಮೇಣ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮೇಣ ಬೆರೆತ ಚಪಡಾದ ಮೇಲೆ ಪಿಯು ಹಿಡಿಯದೆ ಸಿಪ್ಪೆ ಏಳುತ್ತದೆ.