ನೆರಳಿನ ಮೂಲೆಗೆ ಯಾವ ಕಾಡುಬೆಳ್ಳುಳ್ಳಿ: ರಾಮ್ಸನ್ಸೋ, ರಾಂಪ್ಸೋ?

ಎರಡಕ್ಕೂ ಚಳಿಗಾಲದ ಕೊರೆಯುವ ಚಳಿ ಬೇಕು, ಎಲೆ ಉದುರಿಸುವ ಮರದಡಿಯ ತೇವದ ಮಣ್ಣು ಬೇಕು. ಅಂತರವಿರುವುದು ವೇಗದಲ್ಲಿ. ಯುರೋಪಿನ ರಾಮ್ಸನ್ಸ್ ಒಮ್ಮೆ ಬೇರೂರಿದರೆ ಬೀಜ ಚೆಲ್ಲಿ ನೆಲವೆಲ್ಲ ಹಬ್ಬುತ್ತದೆ, ಪಕ್ಕದ ಸಣ್ಣ ಗಿಡಗಳಿಗೆ ಜಾಗ ಬಿಡದು. ಉತ್ತರ ಅಮೆರಿಕದ ರಾಂಪ್ಸ್ ಮೊಳೆಯಲು 6ರಿಂದ 18 ತಿಂಗಳು, ಬಲಿಯಲು 5ರಿಂದ 7 ವರ್ಷ ಹಿಡಿಯುತ್ತದೆ. ಅದರ ಗೆಡ್ಡೆ ಕೀಳಬೇಡಿ. ಗಿಡಕ್ಕೊಂದೇ ಎಲೆ ಕೊಯ್ದರೆ ಸಾಕು.

ಅಡುಗೆಗೆ ನನ್ನ ಒಲವು ರಾಮ್ಸನ್ಸ್ ಕಡೆಗೆ. ಎಲೆ, ಹೂವು ಎರಡನ್ನೂ ಹಸಿಯಾಗಿಯೇ ತಿನ್ನಬಹುದು; ಬೇಯಿಸುವುದಾದರೆ ಕೊನೆಯಲ್ಲಿ ಹಾಕಿ, ಇಲ್ಲವಾದರೆ ಘಮ ಹಾರಿಹೋಗುತ್ತದೆ. ಒಂದು ಎಚ್ಚರ: ವಿಷಕಾರಿ ಲಿಲಿ ಆಫ್ ದ ವ್ಯಾಲಿಯ ಎಲೆಯೂ ಹೀಗೇ ಕಾಣುತ್ತದೆ. ಕೈಗೆ ಹತ್ತಿದ ಬೆಳ್ಳುಳ್ಳಿ ವಾಸನೆ ಮುಂದಿನ ಎಲೆಯಲ್ಲೂ ಮೋಸಮಾಡೀತು, ಆದ್ದರಿಂದ ಒಂದೊಂದನ್ನೂ ನೋಡಿಯೇ ಕೊಯ್ಯಿರಿ. ಜಾಗ ಚಿಕ್ಕದು, ತಾಳ್ಮೆ ದೊಡ್ಡದು ಎನ್ನುವವರು ರಾಂಪ್ಸ್ ನೆಡಿ.