ಸೋಮವಾರದ ನೀಲಿ ಮಾತ್ರೆ: ಒಂದು ಶಾಲಾ ವರ್ಷದ ಬಳಕೆಯ ನಂತರ

ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿರುವ ನನ್ನ ಮಗಳಿಗೆ ಕಳೆದ ಜೂನ್‌ನಿಂದ ಪ್ರತಿ ಸೋಮವಾರ ಕೊಡುತ್ತಿದ್ದ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕುರಿತು ಬರೆಯುತ್ತಿದ್ದೇನೆ. ಸಕ್ಕರೆ ಲೇಪದ ಈ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ; 10ರಿಂದ 19 ವರ್ಷದವರಿಗೆ ಇದು ಉಚಿತ. ಮಾತ್ರೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಕೊಡುವ ಹೊತ್ತಿನ ಬಗ್ಗೆ.

ಮೊದಲ ಎರಡು ತಿಂಗಳು ಶಾಲೆಯಲ್ಲಿ ಇದನ್ನು ಬೆಳಗಿನ ಪ್ರಾರ್ಥನೆಯ ನಂತರ, ಹಾಲಿನ ಲೋಟದ ಜೊತೆಗೇ ಕೊಡುತ್ತಿದ್ದರು. ಮನೆಯಿಂದ ಬರೀ ಚಹಾ ಕುಡಿದು, ಹೆಚ್ಚೆಂದರೆ ಒಂದು ಹಿಡಿ ಖಾರ ಮಂಡಕ್ಕಿ ತಿಂದು ಬರುವ ಮಕ್ಕಳಿಗೆ ಕಬ್ಬಿಣದ ಮಾತ್ರೆ ಓಕರಿಕೆ ತರಿಸುವುದು ಸಹಜ. ಸಾಲದ್ದಕ್ಕೆ ಹಾಲಿನಲ್ಲಿರುವ ಕ್ಯಾಲ್ಸಿಯಂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ದಿನ ಮಗಳ ಕಂಪಾಸ್ ಬಾಕ್ಸಿನಲ್ಲಿ ಏಳು ಮಾತ್ರೆಗಳು ಸಿಕ್ಕವು. "ನಾನೊಬ್ಬಳೇ ಅಲ್ಲ ಅಪ್ಪಾಜಿ, ನಮ್ಮ ಬೆಂಚಿನವರೆಲ್ಲ ಹಿಂಗೇ ಮಾಡೋದು" ಎಂದಳು. ಪೋಷಕರ ಸಭೆಯಲ್ಲಿ ವಿಷಯ ಎತ್ತಿದ ಮೇಲೆ ಮಾತ್ರೆಯನ್ನು ಮಧ್ಯಾಹ್ನದ ಬಿಸಿಯೂಟದ ನಂತರಕ್ಕೆ ಬದಲಿಸಿದರು. ಅಲ್ಲಿಂದ ಮುಂದೆ ಓಕರಿಕೆಯ ದೂರು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಅವಳ ವಯಸ್ಸಿಗೆ ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 10.6 ಇತ್ತು. ವಾರಕ್ಕೊಂದು ಮಾತ್ರೆ ರಕ್ತಹೀನತೆ ಬಾರದಂತೆ ನೋಡಿಕೊಳ್ಳುವುದಕ್ಕೇ ಹೊರತು ಬಂದದ್ದನ್ನು ವಾಸಿಮಾಡುವುದಕ್ಕಲ್ಲ ಎಂಬುದು ನಮಗೆ ತಿಳಿದದ್ದು ಆಗಲೇ. ವೈದ್ಯರು ಇದೇ ಮಾತ್ರೆಯನ್ನು ದಿನಕ್ಕೆ ಎರಡರಂತೆ ಮೂರು ತಿಂಗಳು ಕೊಡಲು ಹೇಳಿದರು, ಡಿಸೆಂಬರಿನಲ್ಲಿ 12.3 ಬಂತು. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ ಎಂಬ ಒಂದು ಮಾತನ್ನು ಶಾಲೆಯಲ್ಲಿ ಮೊದಲೇ ಹೇಳಿದ್ದರೆ ನನ್ನ ಹೆಂಡತಿಯ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ರಕ್ತ ಯಾಕೆ ಕಡಿಮೆಯಾಯಿತು ಎಂದು ವೈದ್ಯರು ಕೇಳಿದ ಪ್ರಶ್ನೆಗಳೇ ನಮಗೆ ಹೆಚ್ಚು ಕಲಿಸಿದವು. ಮುಟ್ಟಿನ ಸ್ರಾವ ಎಷ್ಟು ದಿನ ಇರುತ್ತದೆ? ಏಳು ದಿನ. ವರ್ಷದಲ್ಲಿ ಎಷ್ಟು ಎತ್ತರ ಬೆಳೆದಳು? ಲಂಗ ಎರಡು ಸಲ ಉದ್ದ ಮಾಡಿಸಿದ್ದೆವು. ಜಂತುಹುಳುವಿನ ಮಾತ್ರೆ ತೆಗೆದುಕೊಂಡಿದ್ದಳೆ? ಆಗಸ್ಟಿನಲ್ಲಿ ಅದನ್ನು ಕೊಟ್ಟ ದಿನ ಅವಳು ಅಜ್ಜಿಯ ಊರಿನಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದಳು. ಕೊಕ್ಕೆಹುಳು ಮೈ ಸೇರುವುದು ಹೆಚ್ಚಾಗಿ ಬರಿಗಾಲಿನಿಂದ, ಅದು ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಊಟದ ಬಗ್ಗೆ ಮಾತ್ರ ನಾವು ಹೆಮ್ಮೆಯಿಂದ ಉತ್ತರಿಸಿದೆವು: ಮುದ್ದೆ, ರೊಟ್ಟಿ, ಸೊಪ್ಪು, ಜೊತೆಗೆ ಬೀಟ್‌ರೂಟ್. ಅವರು ನಕ್ಕರು. ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ, ರಾಗಿ ಮತ್ತು ಸೊಪ್ಪಿನಲ್ಲಿ ಕಬ್ಬಿಣವಿದ್ದರೂ ಅದರಲ್ಲಿ ಸ್ವಲ್ಪವೇ ಮೈಗೆ ಹತ್ತುತ್ತದೆ, ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನೂ ಕಟ್ಟಿಹಾಕುತ್ತದೆ ಎಂದರು. ಈಗ ಪಲ್ಯಕ್ಕೆ ನಿಂಬೆರಸ ಹಿಂಡುತ್ತೇವೆ, ಚಹಾ ಎರಡು ಗಂಟೆ ಮುಂದಕ್ಕೆ ಹೋಗಿದೆ. ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರಬಹುದು; ಅದಕ್ಕೆ ಈ ಮಾತ್ರೆಯಿಂದ ಉಪಯೋಗವಿಲ್ಲ.

ಹುಡುಗರು ಇದನ್ನು ಹುಡುಗಿಯರ ಮಾತ್ರೆ ಎಂದೇ ತಿಳಿದು ಹಿತ್ತಲಿಗೆ ಎಸೆಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇದ್ದರೆ, ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1 ಮಂದಿಗೆ ಇದೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಮಾತ್ರೆ ಸಿಗುತ್ತದೆ ಎನ್ನುತ್ತಾರೆ, ಸರಿ. ಆದರೆ ನಮ್ಮ ಮನೆಗೆಲಸದಾಕೆಯ ಹದಿನೆಂಟರ ಮಗಳು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೊರಡುವಾಗ ಅಂಗನವಾಡಿಯ ಬಾಗಿಲು ತೆರೆದಿರುವುದಿಲ್ಲ, ಮರಳುವಾಗ ಮುಚ್ಚಿರುತ್ತದೆ. ಮುಂದಿನ ವರ್ಷ ಅವಳ ಮದುವೆಯಂತೆ. ಮೈಯಲ್ಲಿ ಕಬ್ಬಿಣದ ಸಂಗ್ರಹವಿಲ್ಲದೆ ಬಸಿರಾದರೆ ತೊಂದರೆ ಇಬ್ಬರಿಗೂ.

ಮಾತ್ರೆಗೆ ಐದಕ್ಕೆ ನಾಲ್ಕೂವರೆ ಅಂಕ, ಹಂಚಿಕೆಗೆ ಎರಡೂವರೆ. ಆ ಅರ್ಧ ಅಂಕ ಬೇಸಿಗೆ ರಜೆಗೆಂದು ಎಂಟು ಮಾತ್ರೆಗಳನ್ನು ಚೀಟಿಯಲ್ಲಿ ಕಟ್ಟಿ, ಮೇಲೆ ತಾರೀಖುಗಳನ್ನು ಬರೆದುಕೊಟ್ಟ ತರಗತಿಯ ಶಿಕ್ಷಕಿಗೆ.